ಉದ್ಭವಿಸುವುದಿಲ್ಲ

ಐದೈದು ನಿಮಿಷದ ಪಾಳಿ ನಮ್ಮದು.
ಸದನದ ನಡುವೆ ಕೂತು, ತಲೆ ಎತ್ತದೆ,
ಯಾರು ಏನಂದರೂ ಗೆರೆ ಮಾಡಬೇಕು.
ಇಪ್ಪತ್ತೆರಡು ವರ್ಷ
ಕೆಮ್ಮನ್ನೂ ಕೇಳಿದ್ದೇನೆ, ಬರೆದಿಲ್ಲ.

ಅವತ್ತು ಚುಕ್ಕೆ ಗುರುತಿನ ಪ್ರಶ್ನೆ, ನಾನೂರ ಹದಿನೇಳು.
ಮಂಕಣಗಡ್ಡಿ. ಕೃಷ್ಣೆಯ ನಡುವಿನ ಊರು.
ಇಲ್ಲಿಂದ ಒಂದು ರಾತ್ರಿಯ ರೈಲು, ಒಂದು ಟಂಟಂ,
ಆಮೇಲೆ ನೀರು.
ಮರಳಿನ ಜಗಳದಲ್ಲಿ ಏಳು ಹೆಣ ಬಿದ್ದು
ಶಾಂತಿ ಕಾಪಾಡಲೆಂದು ದೋಣಿ ನಿಂತು
ಹದಿನಾಲ್ಕು ತಿಂಗಳು.

(ಅ) ದೋಣಿ ನಿಂತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
ಬಂದಿದೆ.
(ಆ) ಬಂದಿದ್ದಲ್ಲಿ, ಮತ್ತೆ ಬಿಡುವುದು ಯಾವಾಗ?
ಮಾಹಿತಿ ಸಂಗ್ರಹಿಸಲಾಗುತ್ತಿದೆ.
(ಇ) ಅಲ್ಲಿಯತನಕ ಬಸುರಿಯರು, ಶಾಲೆಯ ಮಕ್ಕಳು ದಾಟುವುದು ಹೇಗೆ?
ಉದ್ಭವಿಸುವುದಿಲ್ಲ.

ಮಂತ್ರಿಗಳು ಒಂದೇ ಉಸಿರಿಗೆ ಓದಿ
ಕನ್ನಡಕ ತೆಗೆದು ಒರೆಸಿಕೊಂಡರು.
ಉದ್ಭವಿಸುವುದಿಲ್ಲ ಅನ್ನುವುದಕ್ಕೆ ಶೀಘ್ರಲಿಪಿಯಲ್ಲಿ
ನಾನೇ ಮಾಡಿಕೊಂಡ ಗಿಡ್ಡ ಗುರುತೊಂದಿದೆ,
ದಿನಕ್ಕೆ ಅಷ್ಟು ಸಲ ಬೇಕಾಗುತ್ತದೆ.

ಮೇಲೆ ಗ್ಯಾಲರಿಯಲ್ಲಿ ಪಿಸುಮಾತು.
'ಏನಂದ್ರೋ ಯಪ್ಪಾ?'
'ಹುಟ್ಟೂದಿಲ್ಲಂತ, ಅತ್ತಿ.'
ಆಗ ಆಕೆ ಎದ್ದಳು,
ಅಂಬಿಗರ ಸಣ್ಣೆಂಕಮ್ಮ. ಹೆಸರು ಆಮೇಲೆ ಪಾಸಿನಲ್ಲಿ ಓದಿದೆ.
'ಹುಟ್ಟು ಎಲ್ಲಿಂದ ಬರ್ತಾವ್ರಿ?
ಎಲ್ಲಾ ನಿಮ್ಮ ಠಾಣ್ಯಾಗ ಒಟ್ಟೀರಲ್ಲ!'

ಮಾರ್ಷಲ್ ಭುಜ ಹಿಡಿದು ಕೂರಿಸಿದರು.
ಪೀಠದಿಂದ: 'ಅದು ಕಡತಕ್ಕೆ ಹೋಗತಕ್ಕದ್ದಲ್ಲ.'
ಅಷ್ಟರಲ್ಲಿ ನನ್ನ ಕೈ ಅರ್ಧ ಎಳೆದಾಗಿತ್ತು
ಬಾಗಿದ ಒಂದು ಗೆರೆ,
ಬಿಟ್ಟರೆ ನೀರಿಗಿಳಿಯುವಂಥದ್ದು.

ಟೈಪು ಮಾಡುವಾಗ ಅದರ ಜಾಗದಲ್ಲಿ ಹೊಡೆದೆ:
(ಗೊಂದಲ).
ನಿಯಮ ಹಾಗಿದೆ. ನನ್ನ ಪಿಂಚಣಿಗೆ ಇನ್ನೂ ಆರು ವರ್ಷ.

ಸಂಜೆ ಗೇಟಿನಲ್ಲಿ ಆಕೆ ಟೋಕನ್ ಚಾಚಿ ನಿಂತಿದ್ದಳು.
ಕೌಂಟರಿನ ಹುಡುಗ ಒಳಗಿಂದ ತಂದ:
ರೊಟ್ಟಿಗಂಟು, ನೀರಿನ ಬಾಟ್ಲಿ,
ಹಿಡಿ ಮುರಿದ, ಚಪ್ಪಟೆ ಮರದ ಒಂದು ತುಂಡು.
'ಏನಮ್ಮ ಇದು, ಬ್ಯಾಟಾ?'
ಸೆರಗಿನಿಂದ ಒರೆಸಿಕೊಂಡಳು. ಏನೂ ಅನ್ನಲಿಲ್ಲ.

ಅಂಬೇಡ್ಕರ್ ಬೀದಿ ಆ ಹೊತ್ತಿಗೆ ತುಂಬಿ ಹರಿಯುತ್ತದೆ,
ಯಾರಿಗೂ ದಾರಿ ಬಿಡುವುದಿಲ್ಲ.
ಆಕೆ ಹುಟ್ಟನ್ನು ಅಡ್ಡ ಹಿಡಿದು ಇಳಿದೇಬಿಟ್ಟಳು.
ಒಂದು ಬಿಎಂಟಿಸಿ, ಎರಡು ಆಟೋ, ಕೆಂಪು ದೀಪದ ಗಾಡಿಯೊಂದು
ಕಿರ್ರನೆ ನಿಂತವು.

ಮೆಟ್ರೋ ಕಾರ್ಡು ಹುಡುಕುವುದನ್ನು ಬಿಟ್ಟು
ಅವಳ ಹಿಂದೆ ನಾನೂ ದಾಟಿದೆ.