ಮ ತನಕ

ಲೈಟ್ ಹೋದ್ರ ಹೋಗ್ಲಿ ಋತುಜಾ, ಕೂಡು ಇಲ್ಲೆ.
ಆ ಮೊಬೈಲಿನ ಬ್ಯಾಟರಿ ಕಣ್ಣಾಗ ಬಿಡಬ್ಯಾಡ, ಗ್ವಾಡಿ ಕಡಿ ತಿರುವು.
ಕರೆಂಟಿಲ್ಲದ ಹ್ಯಾಂಗ ಇದ್ರಿ ಆಯಿ, ಅಂತ ಕೇಳತಿ.
ಬಂದದ್ದು ಹೋದ್ರ ಇಲ್ಲ ಅನಬೇಕು.
ಬರದೇ ಇದ್ದದ್ದಕ್ಕ ಏನಂತಾರ?
ನಮಗ ಹೊತ್ತು ಮುಣಗತಿತ್ತು, ಅಷ್ಟೇ.

ಹೊತ್ತು ಮುಣಗೂಕಿಂತ ಮದಲ ನನ್ನ ಕೆಲಸ.
ಬೋರಿ ಹೊಳಿ ದಂಡಿ ಊರು, ನಮ್ಮ ಓಣ್ಯಾಗ ಒಂಬತ್ತು ಕಂದೀಲು.
ಒಂಬತ್ತೂ ಗಾಜು ನಮ್ಮ ಕಟ್ಟಿಗೆ ಬರತಿದ್ದವು,
ಯಾಕಂದ್ರ ಎಲ್ಲರಕಿಂತ ಸಣ್ಣ ಕೈ ನಂದು.
ಕುಳ್ಳಿನ ಬೂದಿ, ಅಪ್ಪನ ಹಳೀ ಧೋತರದ ಚೂರು.
ಗಾಜಿಗೆ ಬಾಯಿಟ್ಟು ಹಾ ಅಂತ ಉಸಿರು ಬಿಡೂದು,
ಮಂಜ ಹಿಡೀತಿತ್ತು. ಆಮ್ಯಾಲ ಕೈ ಒಳಗ ಹೋಗಬೇಕು,
ಬಸರಿ ಆಕಳ ಮೈ ಸವರಿದಂಗ ಸಾವಕಾಶ ತಿರುಗಬೇಕು.
ಮಸಿ ಹೋದಮ್ಯಾಲ ಗಾಜೇ ಇಲ್ಲದಂಗ ಆಗತಿತ್ತು,
ನನ್ನ ಐದೂ ಬಟ್ಟ ನೀರಾಗಿನ ಮೀನದಂಗ ಕಾಣತಿದ್ದವು.

ಹುಸೇನಬಿ ಮನಿಯಿಂದ ಒಂದು ಮುಷ್ಟಿ ಹುರದ ಶೇಂಗಾ.
ಗೌಡರ ಮನಿಯಿಂದ ಏನೂ ಇಲ್ಲ, ಬೈಲಿಲ್ಲಂದ್ರ ಅದೇ ಪುಣ್ಯ.
ಬಾಬಣ್ಣ ಸುತಾರ ಒಂದ್ಸಲ ಬುಗರಿ ಕೊಟ್ಟ, ಮೊಳಿ ಸೊಟ್ಟ.
ಅಣವೀರಪ್ಪ ಮಾಸ್ತರ ಮಾತ್ರ,
"ರೊಕ್ಕಿಲ್ಲವಾ ನನ್ನ ಹತ್ರ. ವಾರಕ್ಕೊಂದು ಅಕ್ಷರ ಕೊಡತೀನಿ."
ಐತವಾರ ಸಂಜಿಗೆ, ನಾ ತಿಕ್ಕಿದ ಗಾಜಿನ ಬೆಳಕಿನ್ಯಾಗ,
ಪಾಟಿ ಮ್ಯಾಲ ಒಂದು. ಒಂದೇ.

ಅ ಅಂದ್ರ ಅವ್ವ, ಆ ಅಂದ್ರ ಆಕಳ. ಏಳನೇ ವಾರಕ್ಕ ಋ ಬಂತು.
ನಾ ಅತ್ತೆ. ಇದ್ಯಾತರದ್ರಿ ಮಾಸ್ತರ,
ಯಾರ ಹೆಸರಾಗೂ ಇಲ್ಲ, ಯಾವ ಮಾತಿನ್ಯಾಗೂ ಇಲ್ಲ,
ಬದಲಿ ಕೊಡ್ರಿ.
ಮಾಸ್ತರ ನಕ್ಕರು. "ಇಟಗೋ. ಎಂದರೆ ಬೇಕಾಗತದ."
ನಡೀಲಾರದ ಬಿಲ್ಲಿಯಂಗ ಗಂಟಿನ್ಯಾಗ ಇಟಗೊಂಡೆ.

ಕ ಬಂತು, ಚ ಬಂತು, ಟ, ತ.
ಪ ಬಂದಾಗ ಜ್ವಾಳದ ಸುಗ್ಗಿ. ಮ ಬಂದಾಗ ನನ್ನ ನಿಶ್ಚಯ,
ಹನ್ನೊಂದು ವರ್ಷದಕಿಗೆ ಎರಡೂ ಕೈತುಂಬ ಹಸರ ಬಳಿ.
ಮರುದಿನ ಮಾಸ್ತರ ಗಾಜಿನ್ಯಾಗ ಕೈ ಹಾಕಿದೆ. ಹೋತು.
ಹೊರಗ ಬರಲಿಲ್ಲ.
ಅವ್ವ ಜಗ್ಗಿದಳು. ಬಳಿ ಒಡದವು, ಗಾಜು ಒಡೀತು,
ಯಾವ ಚೂರು ಯಾವುದರದ್ದು ತಿಳೀಲಿಲ್ಲ.
ನೋಡಿಲ್ಲೆ, ಈ ಗೆರಿ.
ಮಾಸ್ತರ ಬೈಲಿಲ್ಲ. ಗಾಜು ಎಲ್ಲಾ ನನ್ನ ತಮ್ಮನ ಕಡಿ ಹೋದವು,
ಅಂವಗ ಅಕ್ಷರ ಬೇಕಿರಲಿಲ್ಲ, ಸಾಲಿ ಇತ್ತು.

ಅದಕ್ಕ ನಾ ಮ ತನಕ.
ಅಕ್ಕಲಕೋಟಿ ಸ್ಟ್ಯಾಂಡಿಗೆ ಕಲಬುರಗಿ ಬಸ್ಸು ಬಂದ್ರ
ಕ ಅಂತೀನಿ, ಬು ಅಂತೀನಿ, ಗಿ ಅಂತೀನಿ,
ನಡುವ ಎರಡು ಹಲ್ಲು ಬಿದ್ದ ಬಾಯಿ.
(ಕೊಂಬು, ಗುಡಿಸು ನಾನೇ ಮಠದ ಗ್ವಾಡಿ ನೋಡಿ ಕಲತದ್ದು.)
ನಿಮ್ಮ ಮರಾಠಿ ಬೋರ್ಡು ಬಂದ್ರ ಪೂರಾ ಬೊಚ್ಚು.
ಗುರುಶಾಂತವ್ವ ಅಂತ ನನ್ನ ಹೆಸರೇ ನನಗ ಬರಂಗಿಲ್ಲ,
ಗು ಬರತದ, ತ ಬರತದ,
ಉಳದದ್ದಕ್ಕ ಬ್ಯಾಂಕಿನ್ಯಾಗ ಹೆಬ್ಬಟ್ಟ.
ಆದ್ರ ನೀ ಹುಟ್ಟಿದಾಗ ನಿಮ್ಮಪ್ಪ ಹೆಸರು ಹೇಳಿದನಲ್ಲ,
ಅವತ್ತು ರೊಟ್ಟಿ ಬಡಿಯೂದು ಬಿಟ್ಟು
ಹಿಟ್ಟಿನ ಪರಾತದಾಗ ಬಟ್ಟಿಲೆ ಬರದೆ:
ಋ. ತು. ಜಾ.
ಪೂರಾ ಬಂತು.
ಹಂಚು ಹೊಗಿ ಹಾಕತಿತ್ತು. ಬಿಲ್ಲಿ ನಡೀತ್ರಿ ಮಾಸ್ತರ, ಅಂದೆ.

ಏನು? ಮುಂದಿನವು ಆ ಮೊಬೈಲಿನ್ಯಾಗ ಅದಾವಂತ?
ಬ್ಯಾಡ, ಎಲ್ಲಾ ಒಮ್ಮಿಗೇ ಬ್ಯಾಡ. ಪುಕಟನೂ ಬ್ಯಾಡ.
ತಾ ಇಲ್ಲೆ ಅದನ್ನ. ಎಷ್ಟು ಕೈಮಸಿ ಹಿಡದದ ನೋಡು ಗಾಜಿಗೆ.
ಹಾ...
ತಡಿ, ಸೆರಗಿಲೆ ಒರಸತೀನಿ.
ಈಗ ತೋರಸು. ಒಂದೇ.
ಇದು ಯ ಏನು?
ಏ, ಇದು ಮ-ದ ಬಾಜೂ ಮನೀಯಕಿದಂಗ ಅದಲ್ಲ!
ಇಷ್ಟು ಹತ್ರ ಇತ್ತು?

ಲೈಟ್ ಬಂತು ಕಾಣಸ್ತದ.
ಆರಸವಾ ಅದನ್ನ. ನಾ ಇನ್ನೂ ನೋಡಿಲ್ಲ.