ನಾಲ್ಕನೇ ಜ್ವರ

ಹುಳುಮನೆಯ ತಗಡಿನ ಕೆಳಗೆ ವೈಫೈ ಬರುವುದಿಲ್ಲ.
ಹಿತ್ತಲು ದಾಟಿ, ತೊಟ್ಟಿ ದಾಟಿ,
ಚಪ್ಪಲಿ ಬಿಡುವ ಜಾಗದಲ್ಲೇ ನಿಂತುಬಿಡುತ್ತದೆ
ಕಾಲು ತೊಳೆಯಲು ಸಂಕೋಚಪಡುವ ನೆಂಟನ ಹಾಗೆ.
ಅದಕ್ಕೇ ತಂತಿ.

ಮೂರೆಳೆಯ ತಂತಿ: ಕೆಂಪಿನಲ್ಲಿ ಅನ್ನ,
ಕಪ್ಪಿನಲ್ಲಿ ನೆಲ, ಹಳದಿಯಲ್ಲಿ ಮಾತು.
ಕೋಟೆ ಸರ್ಕಲ್ಲಿನ ಅಂಗಡಿಯವನು
ಅರವತ್ತು ಮೀಟರನ್ನು ಮೊಳದಲ್ಲಿ ಅಳೆದು ಕೊಟ್ಟ.

ಮೊದಲ ಸಲ ನಾನೇ ಎಳೆದೆ, ಮರದ ಹಾಗೆ:
ನಡುವೆ ಒಂದು ಕಾಂಡ, ಅಟ್ಟಣೆಗೊಂದು ಕೊಂಬೆ,
ಕೊಂಬೆಯ ತುದಿಗೊಂದು ಉಕ್ಕಿನ ಮೊಗ್ಗು.
ನೋಡಲು ಚೆನ್ನಾಗಿತ್ತು.
ಐದು ಮೊಗ್ಗುಗಳಲ್ಲಿ ಎರಡು ಮಾತಾಡಿದವು.
ಒಂದು ಉಗ್ಗಿತು.
ಉಳಿದೆರಡರ ಪ್ರಕಾರ ಹುಳುಮನೆಯ ಶಾಖ
ಸೊನ್ನೆಗಿಂತ ನೂರಿಪ್ಪತ್ತೇಳು ಡಿಗ್ರಿ ಕೆಳಗೆ.
ಶಿಡ್ಲಘಟ್ಟದಲ್ಲಿ. ಮಾರ್ಚಿಯಲ್ಲಿ.

ತಬಸ್ಸುಮ್ ಬಂದಳು,
ಬಾಗಿಲ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ.
ಅವಳದು ನೂಲು ಬಿಚ್ಚುವವರ ಮನೆ;
ಬಿಸಿನೀರಿನ ಬಾಣಲೆಯಲ್ಲಿ ಕುಣಿಯುವ ಗೂಡಿನಿಂದ
ಎಳೆಯ ತುದಿ ಹುಡುಕುವುದು
ಓದು ಕಲಿಯುವ ಮೊದಲೇ ಬಂದಿತ್ತು ಅವಳಿಗೆ.
ಸೂರು ನೋಡಿದಳು. ನಕ್ಕಳು.
“ಹುಳ ಎಲ್ಲಾದ್ರೂ ಕವಲು ಹಾಕ್ತದಾ ಅಕ್ಕಾ?
ಒಂದೇ ಎಳೆ ಇರಲಿ. ಪ್ರತಿ ಅಟ್ಟಣೆಗೂ ಹೋಗಿ
ಮುಂದಕ್ಕೆ ಹೋಗಲಿ.
ಕವಲಿಗೆ ಹೊಕ್ಕ ಮಾತು ತುದಿಗೆ ಬಡಿದು
ವಾಪಸ್ ಬರ್ತದೆ, ಹಿಂದೆ ಬರೋ ಮಾತನ್ನ ತುಳಿತದೆ.”

ಸಂಜೆಯೆಲ್ಲ ಕೊಂಬೆ ಕಡಿದೆವು.
ಕೊನೆಗೆ ಪೆಟ್ಟಿಗೆಯ ಹತ್ತಿರ
ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರನ್ನು
ಕೆಂಪಿಗೂ ಹಳದಿಗೂ ನಡುವೆ ಬೆಸೆದಳು:
ಮಾತಿಲ್ಲದ ಹೊತ್ತಲ್ಲೂ ಹಳದಿ
ಕುಸಿಯದೆ ನಿಂತಿರಲಿ ಅಂತ.

ಅತ್ತೆ ಗಂಗುಲಮ್ಮ ಸೊಪ್ಪು ಕತ್ತರಿಸುತ್ತ
ಎಲ್ಲ ನೋಡಿದಳು, ಏನೂ ಅನ್ನಲಿಲ್ಲ.
ಮೂವತ್ತು ವರ್ಷದಿಂದ ಅವಳ ಕೆನ್ನೆಯೇ ಯಂತ್ರ.
ನಸುಕಿನಲ್ಲಿ ಬಾಗಿಲು ಓರೆ ಮಾಡಿ
ಮುಖವಷ್ಟನ್ನೇ ಒಳಗಿಟ್ಟು
ಗೋಣಿಗೆ ನೀರು ಅಂದರೆ ನೀರು,
ಕಿಟಕಿ ಅಂದರೆ ಕಿಟಕಿ.

ಮರುವಾರ ರಾತ್ರಿ ಎರಡಕ್ಕೆ ಫೋನು ಕಿರುಚಿತು:
ಎಂಬತ್ತೈದು ಡಿಗ್ರಿ.
ಐದೂ ಕಡೆ ಎಂಬತ್ತೈದು.
ಬೆಂದೇ ಹೋದವು ಅಂದುಕೊಂಡು ಓಡಿದೆ,
ಕಾಲಲ್ಲಿ ಚಪ್ಪಲಿ ಇದ್ದದ್ದು ಆಮೇಲೆ ಗೊತ್ತಾಯಿತು.

ಒಳಗೆ ತಣ್ಣಗಿತ್ತು. ಸೊಪ್ಪು ಮೆಲ್ಲುವ ಸದ್ದೇ ಇಲ್ಲ.
ಹುಳಗಳೆಲ್ಲ ತಲೆಯೆತ್ತಿ, ಅಲುಗದೆ,
ಚರ್ಮ ಸಡಿಲವಾಗಲೆಂದು ಕಾಯುತ್ತಿದ್ದವು.
ನಾಲ್ಕನೇ ಜ್ವರ. ಗಾಳಿ ಒಣಗಿರಬೇಕಾದ ಹೊತ್ತು.
ಪೆಟ್ಟಿಗೆ ಮಾತ್ರ ತಾನು ಕೇಳಿದ್ದನ್ನು ನಂಬಿ
ಮಂಜಿನ ಪೈಪು ಬಿಟ್ಟಿತ್ತು.
ಬಿಟ್ಟಿತ್ತು ಅಂದೆನಲ್ಲ, ಅಷ್ಟರಲ್ಲಿ
ಅತ್ತೆ ಪ್ಲಗ್ಗು ಕಿತ್ತಾಗಿತ್ತು,
ಜರಡಿ ಹಿಡಿದು ಸುಣ್ಣ ಉದುರಿಸುತ್ತಿದ್ದಳು.
ತಿರುಗಿ ನೋಡದೆ ಕೇಳಿದಳು:
“ಜ್ವರ ಬಂದಿರೋದು ಇವಕ್ಕಾ, ನಿನ್ನ ತಂತಿಗಾ?”

ಬೆಳಗ್ಗೆ ತಬಸ್ಸುಮ್ ಹೇಳಿದಳು:
ಕರೆಂಟು ಒಂದು ಕ್ಷಣ ಕಣ್ಣು ಮಿಟುಕಿಸಿದೆ.
ನಿದ್ದೆಯಿಂದೆದ್ದ ಮೊಗ್ಗು ಇನ್ನೂ ಅಳೆಯುವ ಮೊದಲೇ
ಕೇಳಿದರೆ, ಅದರ ಬಾಯಿಗೆ ಬರುವುದು
ಎಂಬತ್ತೈದು. ಸುಳ್ಳಲ್ಲ, ಕನವರಿಕೆ.
ಬರೆದೆವು: ಎಂಬತ್ತೈದು ಎಂದರೆ ನಂಬಬೇಡ,
ಒಂದು ಕ್ಷಣ ತಡೆದು ಮತ್ತೆ ಕೇಳು.

ಆದರೆ ಆ ಇನ್ನೊಂದು ಜ್ವರಕ್ಕೆ ಅಂಕಿಯಿಲ್ಲ.
ಹುಳ ಉಣ್ಣುವಾಗಲೂ ಇಪ್ಪತ್ತೈದು,
ಉಪವಾಸ ನಿಂತಾಗಲೂ ಇಪ್ಪತ್ತೈದು.
ಯಾವ ಮೊಗ್ಗಿಗೂ ಅದು ಕಾಣುವುದಿಲ್ಲ.

ಹಾಗಾಗಿ ಬಾಗಿಲ ಪಕ್ಕ, ಅತ್ತೆಯ ಭುಜದೆತ್ತರಕ್ಕೆ,
ಹಳೇ ಕಾಲಿಂಗ್ ಬೆಲ್ಲಿನ ಗುಂಡಿ ಕೂರಿಸಿದೆವು.
ಒತ್ತಿದರೆ ಮಂಜು ನಿಲ್ಲುತ್ತದೆ, ಫ್ಯಾನು ತಿರುಗುತ್ತದೆ,
ನನ್ನ ಫೋನಿನಲ್ಲಿ ಐದು ಅಟ್ಟಣೆಗಳ ಕೆಳಗೆ
ಆರನೇ ಸಾಲು ಹೊತ್ತಿಕೊಳ್ಳುತ್ತದೆ: ಗಂಗುಲಮ್ಮ, ಜ್ವರ.

ಗೂಡು ಮಾರಿ ಬಂದ ಮೇಲೆ
ಒಂದು ಬೆಳೆಯ ಲೆಕ್ಕ ತೆಗೆದು ನೋಡಿದೆ.
ಹುಳಕ್ಕೆ ಬರುವುದು ನಾಲ್ಕೇ ಜ್ವರ.
ಪಟ್ಟಿಯಲ್ಲಿ ಹನ್ನೊಂದಿವೆ.
ಹೆಚ್ಚಿನ ಏಳೂ
ಸಂಜೆ ನಾಲ್ಕೂವರೆಯ ಆಸುಪಾಸು,
ಕಾಫಿ ತಡವಾದ ದಿನಗಳು.