ಕಾಲಂ ಒಂಬತ್ತು: ಇತರೆ

ಸರ್ಜನ್ ಸಾಹೇಬರು ಕರೆದು ಕೈಗೊಂದು ಗಡಿಯಾರ ಕೊಟ್ಟರು,
ಒತ್ತಿದರೆ ಓಡುವುದು, ಮತ್ತೆ ಒತ್ತಿದರೆ ನಿಲ್ಲುವುದು.
"ಆರು ದಿನ ಬಾಗವಾನ ಮೇಡಮ್ಮನ ಬೆನ್ನ ಬಿಡಬ್ಯಾಡ.
ಯಾವುದಕ್ಕ ಎಷ್ಟ ನಿಮಿಷ, ಬರಿ.
ಫಿಸಿಯೋಥೆರಪಿಗೆ ಎಷ್ಟ ಹುದ್ದೆ ಬೇಕಂತ ಮ್ಯಾಲಿನವರು ಕೇಳ್ಯಾರ."

ನಮೂನೆಯಲ್ಲಿ ಒಂಬತ್ತು ಕಾಲಂ.
ತಪಾಸಣೆ ಒಂದು, ವ್ಯಾಯಾಮ ಎರಡು, ಹೀಗೇ ಎಂಟು.
ಕೊನೆಯದು ಇತರೆ,
ಕಿರುಬೆರಳಿನಷ್ಟು ಅಗಲ.

ಸೋಮವಾರ ಒಂಬತ್ತಕ್ಕೆ ಒತ್ತಿದೆ.
ಲಿಫ್ಟ್ ಕೆಟ್ಟಿತ್ತು. ಎಪ್ಪತ್ತೆರಡು ಮೆಟ್ಟಿಲು,
ಅವರು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ.
ನಾಲ್ಕು ನಿಮಿಷ. ಯಾವ ಕಾಲಮ್ಮಿಗೆ?
ಇದ್ದ ಎರಡು ವಾಕರಿನಲ್ಲಿ ಒಂದು
ಎಲುಬಿನ ವಾರ್ಡಿನಲ್ಲಿ ಯಾರದೋ ಟವೆಲು ಒಣಗಿಸುತ್ತ ನಿಂತಿತ್ತು.
ಹುಡುಕಲು ಹನ್ನೊಂದು.
ಹಾಸಿಗೆ ಹದಿನಾಲ್ಕರ ಅಜ್ಜಿ, ತೊಡೆಯಲ್ಲಿ ರಾಡು,
"ಇವತ್ತ ಅಮಾಸಿ, ನಾ ಕಾಲ ನೆಲಕ್ಕಿಡಂಗಿಲ್ಲ" ಅಂದಳು.
ಮೇಡಂ ಮಂಚದ ಅಂಚಿಗೆ ಕೂತು
ರೊಟ್ಟಿಯ ಮಾತು ತೆಗೆದರು. ಹಿಟ್ಟಿಗೆ ಕುದಿನೀರೋ ತಣ್ಣೀರೋ,
ಸೊಸಿ ಬಡಿದ್ರ ಉಬ್ಬತಾವೇನು?
"ಆಕಿ ಕೈಯಾಗ ಎಲ್ಲಿ ಉಬ್ಬತಾವ!" ಎನ್ನುತ್ತ ಅಜ್ಜಿ
ಸಿಟ್ಟಿನ ಭರದಲ್ಲಿ ಎದ್ದೇ ನಿಂತಳು.
ಮಾತು ಹದಿನೇಳು ನಿಮಿಷ. ನಿಂತದ್ದು ನಲವತ್ತು ಸೆಕೆಂಡು.
ನಲವತ್ತು ಸೆಕೆಂಡು ಕಾಲಂ ಎರಡಕ್ಕೆ ಹೋಯಿತು.

ನಮ್ಮಪ್ಪ ಮುಳುಗಡೆ ಆಫೀಸಿನಲ್ಲಿ ಟೇಪು ಹಿಡಿದವನು.
ಹಳೇ ಬಾಗಲಕೋಟೆಯ ಮನೆಮನೆ ಹೊಕ್ಕು
ಕಂಬ ಎಷ್ಟು, ತೊಲೆ ಎಷ್ಟು, ಹಿತ್ತಲ ಬೇವಿನ ಸುತ್ತಳತೆ ಎಷ್ಟು,
ಎಲ್ಲ ಬರೆದವನು.
ಓಣಿಯ ಒಬ್ಬ ಮುದುಕಿ ಕೇಳಿದ್ದಳಂತೆ,
"ಕಟ್ಟಿಮ್ಯಾಲಿನ ಸಂಜಿಗೆ ಎಷ್ಟ ಹಚ್ಚೀಯಪಾ?"
"ಅದಕ್ಕ ಕಾಲಂ ಇಲ್ಲಬೇ" ಅಂದಿದ್ದ.
ನವನಗರದ ಸೆಕ್ಟರಿಗೆ ಬಂದ ಮೇಲೂ
ಊಟದ ನಡುವೆ, ಯಾರೂ ಕೇಳದಿದ್ದರೂ,
ಅದನ್ನೇ ಹೇಳುತ್ತಿದ್ದ: ಕಾಲಂ ಇರಲಿಲ್ಲ.

ಬುಧವಾರ ರಾಚಪ್ಪ ಶೀಪರಿ, ಗುಳೇದಗುಡ್ಡ, ಖಣ ನೇಯುವವರು.
ಲಕ್ವಾ ಹೊಡೆದ ಬಲಗೈ
ಮಡಿಲಲ್ಲಿ ಬೇರೆಯವರ ಕೂಸಿನಂತೆ ಮಲಗಿತ್ತು.
ರಬ್ಬರ್ ಚೆಂಡು ಕೊಟ್ಟರೆ ಮುಖ ತಿರುವಿದರು,
"ನಾ ಏನ ಸಣ್ಣ ಹುಡುಗ್ನೇನ್ರಿ?"
ಗುರುವಾರ ಮೇಡಂ ಚೀಲದಿಂದ ಒಂದು ಲಾಳಿ ತೆಗೆದರು,
ತುದಿ ಸವೆದದ್ದು, ಎಣ್ಣೆಗಪ್ಪಿನದು.
ರಾತ್ರಿ ಬಸ್ಸು ಹತ್ತಿ ಹೋಗಿ
ಯಾವುದೋ ಮಗ್ಗದ ಮನೆಯಲ್ಲಿ ಬೇಡಿ ತಂದದ್ದಂತೆ.
ಹೋಗಿ ಬರಲು ಮೂರು ತಾಸು;
ಆಗ ನನ್ನ ಗಡಿಯಾರ ಟೇಬಲ್ಲಿನ ಡ್ರಾದಲ್ಲಿತ್ತು.
ರಾಚಪ್ಪನವರ ಹೆಬ್ಬೆರಳು ಲಾಳಿಯ ಮೇಲೆ ಹತ್ತಿತು.
ಜಾರಿತು.
ಬಹಳ ಹೊತ್ತಿನ ಮೇಲೆ ಮತ್ತೆ ಹತ್ತಿತು.

ಶುಕ್ರವಾರ ಆಯಾ ರಜೆ.
"ಬರೇ ನೋಡ್ಕೋತ ನಿಂದ್ರತೀರೇನು? ಆ ಕಡೆ ಹಿಡೀರಿ."
ಹಿಡಿದೆ. ಮನುಷ್ಯ ಇಷ್ಟು ಭಾರ ಎಂದು
ಇಪ್ಪತ್ತೆರಡು ವರ್ಷ ಹಾಜರಿ ಬರೆದರೂ ಗೊತ್ತಿರಲಿಲ್ಲ.
ಏಳು ಹೆಜ್ಜೆ, ಕಿಟಕಿಯವರೆಗೆ.
ಗಡಿಯಾರ ಒತ್ತಲು ಕೈ ಬಿಡುವಿರಲಿಲ್ಲ.

ಶನಿವಾರ ಕೂಡಿಸಿ, ಭಾಗಿಸಿದೆ.
ಬೇಕಾದವರು ಎರಡು ಪಾಯಿಂಟ್ ನಾಲ್ಕು. ಇರುವವರು ಒಬ್ಬರು.
ಖುಷಿಯಾಯಿತು. ಆಮೇಲೆ ಕೆಳಗಿನ ಸಣ್ಣಕ್ಷರ ಕಂಡಿತು:
ಕಾಲಂ ಒಂಬತ್ತನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ.
ಬಿಟ್ಟು ಮತ್ತೆ ಭಾಗಿಸಿದೆ. ಸೊನ್ನೆ ಪಾಯಿಂಟ್ ಒಂಬತ್ತು.
ಅಂದರೆ ಆ ಒಬ್ಬರಲ್ಲೂ
ಒಂದು ಚೂರು ಹೆಚ್ಚುವರಿ.

ಹೇಳಿದೆ. "ಹೌದೇನ್ರಿ" ಅಂದರು, ಅಷ್ಟೇ.
ವಾಕರನ್ನು ಬೋರಲು ಹಾಕಿ, ಸವೆದ ರಬ್ಬರ್ ಬೂಟು ತೋರಿಸಿ,
"ಮೊದಲ ಇದಕ್ಕ ಇಂಡೆಂಟ್ ಹಾಕ್ರಿ, ಜಾರತೈತಿ."

ಇಂಡೆಂಟ್ ಹಾಕಿದೆ.
ಆಮೇಲೆ ನಮೂನೆಯ ಹಾಳೆ ತಿರುವಿ
ಗೆರೆಯಿಲ್ಲದ ಬೆನ್ನಿನ ಮೇಲೆ ಬರೆಯತೊಡಗಿದೆ:
ಮೆಟ್ಟಿಲು, ಎಪ್ಪತ್ತೆರಡು.
ಕುದಿನೀರು.